ಮಾವನ ನೋಟ್‌ಬುಕ್ಕೂ ನನ್ನ ಚಾರ್ಟೂ

"ನಿನ್ನ ಕಂಪ್ಯೂಟರ್ ಸುಳ್ಳು ಹೇಳ್ತಿದೆ ಕಣೋ" ಅಂತ ಮಾವ ಹೇಳಿದಾಗ ನಾನು ನಕ್ಕಿದ್ದೆ. ಆಮೇಲೆ ಎರಡು ವಾರ ಅದೇ ಮಾತು ತಲೆಯಲ್ಲಿ ಕೊರೆಯಿತು. ಮಾವನ ಹತ್ತಿರ ಒಂದು ಕಂಪನಿಯ ಷೇರು ಇಪ್ಪತ್ತು ವರ್ಷಕ್ಕೂ ಹಿಂದಿನಿಂದ ಇದೆ. ಅದರಲ್ಲಿ ಒಂದಷ್ಟು ಮಾರೋಣ ಅಂತ ಅವರಿಗೆ ಅನ್ನಿಸಿದೆ. ಮಾರುವ ಮುಂಚೆ ಕೊಂಡದ್ದು ಎಷ್ಟಕ್ಕೆ ಅಂತ ಗೊತ್ತಾಗಬೇಕಲ್ಲ, ಹಳೆಯ ನೋಟ್‌ಬುಕ್ ತೆಗೆದಿದ್ದಾರೆ. ಉದ್ದನೆಯ ಲೆಕ್ಕದ ಪುಸ್ತಕ ಅದು, ರಟ್ಟಿನ ಮೂಲೆಗಳು ಸವೆದು ದುಂಡಗಾಗಿವೆ. ಒಳಗೆ ಪೆನ್ಸಿಲಿನಲ್ಲಿ ಎರಡೇ ಎರಡು ಕಾಲಂ: ತಾರೀಖು, ಬೆಲೆ. ಪ್ರತಿ ಶನಿವಾರ ಪೇಪರ್ ನೋಡಿ ಬರೆದದ್ದು. ಕೊಂಡ ವಾರದ ಮುಂದೆ 840 ಅಂತಿದೆ, ಅದರ ಸುತ್ತ ಒಂದು ಸೊನ್ನೆ ಸುತ್ತಿದ್ದಾರೆ.

ನಾನು ಮೊಬೈಲಿನಲ್ಲಿ ಅದೇ ತಾರೀಖು ಹುಡುಕಿದೆ. ಮೊದಲು ಆ ತಾರೀಖೇ ಸಿಗಲಿಲ್ಲ, ಯಾಕೆಂದರೆ ಶನಿವಾರ ಮಾರುಕಟ್ಟೆ ಇರುವುದಿಲ್ಲ. ಪೇಪರಿನಲ್ಲಿ ಬಂದದ್ದು ಶುಕ್ರವಾರದ ಬೆಲೆ ಅಂತ ಹೊಳೆಯಲು ಐದು ನಿಮಿಷ ಬೇಕಾಯಿತು. ಶುಕ್ರವಾರದ ಸಾಲಿನಲ್ಲಿ 87.6 ಅಂತಿತ್ತು. ಮುಂದಿನ ಪುಟದಲ್ಲಿ ಮಾವ 790 ಬರೆದಿದ್ದಾರೆ, ನನ್ನ ಮೊಬೈಲು 83.2 ಅನ್ನುತ್ತಿದೆ. ಹತ್ತರಿಂದ ಭಾಗಿಸಿದ ಹಾಗೆ ಕಾಣುತ್ತದೆ, ಆದರೆ ಹತ್ತಲ್ಲ. ಮೊದಲನೆಯದನ್ನು ಭಾಗಿಸಿದರೆ 9.59 ಬರುತ್ತದೆ, ಎರಡನೆಯದು 9.5ಕ್ಕೆ ಬಂದು ನಿಲ್ಲುತ್ತದೆ. ಒಂದು ಲೆಕ್ಕ ತಪ್ಪಾದರೂ ಪರವಾಗಿಲ್ಲ, ಒಂದೇ ರೀತಿ ತಪ್ಪಾದರೆ ಸಮಾಧಾನ. ಇದು ಹಾಗೂ ಇಲ್ಲ. ಮಾವ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು. "ನಾನು ಕಣ್ಣಾರೆ ನೋಡಿ ಬರೆದದ್ದು ಇದು" ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಎಂಟರ ಗುಟ್ಟು

ಮನೆಗೆ ಬಂದು ಕೂತು ನೋಡಿದಾಗ ನಾನು ನೋಡಿದ್ದು ತಪ್ಪು ಕಾಲಂ ಅಂತ ಗೊತ್ತಾಯಿತು. ಹಳೆಯ ಬೆಲೆಗಳ ಫೈಲು ಇಳಿಸಿಕೊಂಡವರಿಗೆ ಈ ಎರಡು ಕಾಲಂ ಪರಿಚಯ ಇರುತ್ತದೆ: ಕ್ಲೋಸ್, ಅಂದರೆ ದಿನದ ಕೊನೆಯ ಬೆಲೆ, ಮತ್ತು ಅಡ್ಜಸ್ಟೆಡ್ ಕ್ಲೋಸ್, ಅಂದರೆ ಅದನ್ನೇ ಇನ್ನಷ್ಟು ಸರಿಹೊಂದಿಸಿ ಬರೆದದ್ದು. ನಾನು ನೋಡಿದ್ದು ಎರಡನೆಯದು. ಪಕ್ಕದ ಕ್ಲೋಸ್ ಕಾಲಂನಲ್ಲಿ ಅದೇ ಶುಕ್ರವಾರಕ್ಕೆ 105 ಇತ್ತು. 840ನ್ನು 105ರಿಂದ ಭಾಗಿಸಿದರೆ ಸರಿಯಾಗಿ ಎಂಟು. ಮುಂದಿನ ಪುಟಕ್ಕೂ ಎಂಟು. ಕೆಲವು ವರ್ಷ ಮುಂದೆ ಹೋದರೆ ನಾಲ್ಕು. ಇನ್ನೂ ಮುಂದೆ ಎರಡು. ಕೊನೆಯ ಪುಟಗಳಲ್ಲಿ ಮಾವನ ಬೆಲೆ, ಮೊಬೈಲಿನ ಬೆಲೆ ಎರಡೂ ಒಂದೇ. ಮೂರು ಸಲ ಒಂದಕ್ಕೆ ಒಂದು ಬೋನಸ್ ಕೊಟ್ಟಿದ್ದಾರೆ, ಅಂದರೆ ಇದ್ದ ಪ್ರತಿ ಷೇರಿಗೆ ಇನ್ನೊಂದು ಷೇರು ಪುಕ್ಕಟೆ, ಅಷ್ಟೇ ಕಥೆ. ಪ್ರತಿ ಸಲ ಷೇರಿನ ಸಂಖ್ಯೆ ಎರಡರಷ್ಟಾಗಿದೆ, ಬೆಲೆ ಅರ್ಧ ಆಗಿದೆ. ಆ ಅರ್ಧ ಆದದ್ದು ಚಾರ್ಟಿನಲ್ಲಿ ಪಾತಾಳಕ್ಕೆ ಬಿದ್ದಂತೆ ಕಾಣಬಾರದು ಅಂತ ಹಿಂದಿನ ಬೆಲೆಗಳನ್ನೆಲ್ಲ ಭಾಗಿಸಿ ಇಡುತ್ತಾರೆ. ಮಾವ ಆಗ ಹತ್ತು ಷೇರನ್ನು 840ರಂತೆ ಕೊಂಡರು, 8400 ಆಯಿತು. ಈಗ ಅದೇ ಎಂಬತ್ತು ಷೇರು, 105ರ ಲೆಕ್ಕದಲ್ಲಿ ಅದೇ 8400. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹತ್ತು ಷೇರನ್ನು 105ರಿಂದ ಗುಣಿಸಿದರೆ ಮಾತ್ರ ಎಡವಟ್ಟು, ಹಾಗೆ ಗುಣಿಸುವವರು ಕಡಿಮೆಯೇನಿಲ್ಲ.

ಹಾಗಾದರೆ 87.6 ಎಲ್ಲಿಂದ ಬಂತು? ಅದರಲ್ಲಿ ಡಿವಿಡೆಂಡ್ ಕೂಡ ಕಳೆದಿದ್ದಾರೆ, ಅಂದರೆ ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ದುಡ್ಡು. ಷೇರು 100ರಲ್ಲಿದ್ದಾಗ ಕಂಪನಿ 2 ಡಿವಿಡೆಂಡ್ ಕೊಟ್ಟಿತು ಅಂದುಕೊಳ್ಳಿ. ಆ 2 ಕಂಪನಿಯಿಂದ ಹೊರಗೆ ಹೋಯಿತಲ್ಲ, ಡಿವಿಡೆಂಡ್ ಕಳೆಯುವ ದಿನ ಷೇರು ಸುಮಾರು ಅಷ್ಟೇ ಇಳಿದು ಶುರುವಾಗುತ್ತದೆ. ಇಟ್ಟುಕೊಂಡವನಿಗೆ ನಷ್ಟ ಏನೂ ಇಲ್ಲ, ದುಡ್ಡು ಈ ಜೇಬಿನಿಂದ ಆ ಜೇಬಿಗೆ ಬಂದಿದೆ. ಅದನ್ನು ಸರಿದೂಗಿಸಲು ಅದಕ್ಕಿಂತ ಹಿಂದಿನ ಎಲ್ಲ ಬೆಲೆಗಳನ್ನೂ 0.98ರಿಂದ ಗುಣಿಸುತ್ತಾರೆ. ಮುಂದಿನ ವರ್ಷ ಇನ್ನೊಂದು ಡಿವಿಡೆಂಡ್, ಇನ್ನೊಂದು ಗುಣಾಕಾರ. 2004ರ ನವೆಂಬರಿನಲ್ಲಿ ಮೈಕ್ರೋಸಾಫ್ಟಿನ ಷೇರಿಗೆ 3 ಡಾಲರಿನ ವಿಶೇಷ ಡಿವಿಡೆಂಡ್ ಕಳೆಯುವ ದಿನ ಬಂದಾಗ 30ರ ಹತ್ತಿರ ಇದ್ದ ಷೇರು ಒಂದೇ ದಿನದಲ್ಲಿ 27ರ ಆಸುಪಾಸಿಗೆ ಬಂತು. ಬರೀ ಕ್ಲೋಸ್ ನೋಡಿದವನಿಗೆ ಅಂದು ಏನೋ ಅನಾಹುತ ಆಗಿದೆ ಅನ್ನಿಸಬೇಕು. ಅಡ್ಜಸ್ಟೆಡ್ ಕಾಲಂನಲ್ಲಿ ಆ ದಿನ ಎಲ್ಲ ದಿನದ ಹಾಗೇ ಇದೆ.

ಇದರಲ್ಲಿ ನನಗೆ ವಿಚಿತ್ರ ಅನ್ನಿಸಿದ್ದು ಒಂದಿದೆ. ಅಡ್ಜಸ್ಟೆಡ್ ಬೆಲೆಯ ಫೈಲನ್ನು ಇವತ್ತು ಇಳಿಸಿಕೊಂಡು ಇಡಿ. ಮುಂದಿನ ವರ್ಷ ಅದೇ ಕಂಪನಿಯದ್ದು ಇನ್ನೊಮ್ಮೆ ಇಳಿಸಿ. ಮಧ್ಯೆ ಡಿವಿಡೆಂಡ್ ಬಂದಿದ್ದರೆ ಇಪ್ಪತ್ತು ವರ್ಷ ಹಿಂದಿನ ಬೆಲೆ ಕೂಡ ಬದಲಾಗಿರುತ್ತದೆ. ಇತಿಹಾಸವನ್ನು ಪ್ರತಿ ವರ್ಷ ಅಳಿಸಿ ಮತ್ತೆ ಬರೆಯುತ್ತಾರೆ, ಇವತ್ತಿನ ಜಾಗದಲ್ಲಿ ನಿಂತು ಬರೆಯುತ್ತಾರೆ. ಮಾವನ ಪೆನ್ಸಿಲಿನ 840 ಮಾತ್ರ ಹಾಗೇ ಕೂತಿದೆ.

ಉಲ್ಟಾ ಕೂಡ ಆಗುತ್ತದೆ. ಅಮೆರಿಕದ ಬ್ಯಾಂಕು ಸಿಟಿಗ್ರೂಪ್ 2011ರ ಮೇ ತಿಂಗಳಲ್ಲಿ ಹತ್ತು ಷೇರು ಸೇರಿಸಿ ಒಂದು ಮಾಡಿತು. ಹಾಗಾಗಿ ಇವತ್ತು ಅದರ ಹಳೆಯ ಚಾರ್ಟ್ ತೆಗೆದರೆ 2006ರ ಕೊನೆಯಲ್ಲಿ ಷೇರು 550 ಡಾಲರ್ ದಾಟಿದ ಹಾಗೆ ಕಾಣುತ್ತದೆ. ಆ ಕಾಲದಲ್ಲಿ ಅದಕ್ಕೆ 550 ಕೊಟ್ಟವರು ಯಾರೂ ಇಲ್ಲ. ಅಂದಿನ ಬೆಲೆ 55ರ ಆಸುಪಾಸು.

ನಾನು ಕಂಡುಹಿಡಿದ ಸೂತ್ರ

ಮಾವನಿಗೆ ಪಾಠ ಹೇಳುವ ಉತ್ಸಾಹದಲ್ಲಿ ನನ್ನದೇ ಒಂದು ಹಳೆಯ ಮರ್ಯಾದೆ ಕಳೆದುಕೊಂಡ ಪ್ರಸಂಗ ನೆನಪಾಯಿತು. ಕೆಲವು ವರ್ಷಗಳ ಹಿಂದೆ, ಷೇರಿನ ಹುಚ್ಚು ಹೊಸದಾಗಿ ಹತ್ತಿದ್ದಾಗ, ರಾತ್ರಿ ಎಲ್ಲ ಕೂತು ಒಂದು ಎಕ್ಸೆಲ್ ಶೀಟ್ ಮಾಡಿದ್ದೆ. ಅಮೆರಿಕದ ಇವತ್ತಿನ ದೊಡ್ಡ ಕಂಪನಿಗಳ ಪಟ್ಟಿ ತೆಗೆದುಕೊಂಡೆ, ಅವುಗಳ ಹಳೆಯ ಬೆಲೆ ಎಲ್ಲ ತುಂಬಿದೆ. ಆಮೇಲೆ ಒಂದು ನಿಯಮ: ಬೆಲೆ 2 ಡಾಲರಿಗಿಂತ ಕಡಿಮೆ ಇದ್ದಾಗ ಕೊಳ್ಳುವುದು, ಸುಮ್ನೆ ಇಟ್ಟುಕೊಳ್ಳುವುದು. ಬಂದ ಉತ್ತರ ನೋಡಿ ನಿದ್ದೆ ಹಾರಿಹೋಯಿತು. ಹಾಕಿದ ದುಡ್ಡು ನೂರು ಪಟ್ಟು, ಇನ್ನೂರು ಪಟ್ಟು. ಅಗ್ಗದ ಷೇರಿನಲ್ಲೇ ಎಲ್ಲ ಇದೆ, ಇಷ್ಟು ಸುಲಭದ ವಿಷಯ ಜಗತ್ತಿಗೆ ಇಷ್ಟು ದಿನ ಹೊಳೆದಿಲ್ಲವಲ್ಲ ಅಂತ ಮರುಕಪಟ್ಟೆ.

ಮಾರನೆಯ ದಿನ ಗೆಳೆಯನೊಬ್ಬನಿಗೆ ತೋರಿಸಿದೆ. ಅವನು ಶೀಟನ್ನು ಮೇಲಿಂದ ಕೆಳಗೆ ಒಮ್ಮೆ ಎಳೆದ. ಆಪಲ್ ಇದ್ದ ಸಾಲಿನಲ್ಲಿ ನಿಲ್ಲಿಸಿ, "ಈ 10 ಸೆಂಟಿಗೆ ಆಗ ನಿಜವಾಗ್ಲೂ ಯಾರಾದ್ರೂ ಕೊಡ್ತಿದ್ರಾ?" ಅಂತ ಕೇಳಿದ. ಅಷ್ಟೇ ಕೇಳಿದ್ದು.

ಆಪಲ್ 1980ರ ಡಿಸೆಂಬರ್ 12ರಂದು ಮಾರುಕಟ್ಟೆಗೆ ಬಂದಾಗ ಅದರ ಷೇರಿನ ಬೆಲೆ 22 ಡಾಲರ್. ಆಮೇಲೆ 1987, 2000, 2005ರಲ್ಲಿ ಒಂದು ಎರಡಾಯಿತು, 2014ರಲ್ಲಿ ಒಂದು ಏಳಾಯಿತು, 2020ರಲ್ಲಿ ಒಂದು ನಾಲ್ಕಾಯಿತು. ಎಲ್ಲ ಗುಣಿಸಿದರೆ ಅಂದಿನ ಒಂದು ಷೇರು ಇವತ್ತು 224. 22ನ್ನು 224ರಿಂದ ಭಾಗಿಸಿ, 10 ಸೆಂಟಿಗೂ ಒಂಚೂರು ಕಮ್ಮಿ. ನನ್ನ ಶೀಟ್ ಅದನ್ನು ಅಗ್ಗದ ಷೇರು ಅಂತ ಹಿಡಿದಿತ್ತು. ಹೀಗೆ ಒಂದು ಷೇರನ್ನು ಹಲವು ಮಾಡುವುದಕ್ಕೆ ಸ್ಪ್ಲಿಟ್ ಅನ್ನುತ್ತಾರೆ. ಆಮೇಲೆ ಅಷ್ಟು ಏರಿತು ಅಂತಲೇ ಅಷ್ಟು ಸಲ ಸ್ಪ್ಲಿಟ್ ಮಾಡಿದರು, ಅಷ್ಟು ಸಲ ಸ್ಪ್ಲಿಟ್ ಆದದ್ದಕ್ಕೇ ಹಳೆಯ ಬೆಲೆ ಚಿಲ್ಲರೆ ಕಾಸಾಗಿ ಕಾಣುತ್ತದೆ. ಅಂದರೆ ನನ್ನ ನಿಯಮ "ಅಗ್ಗದ್ದನ್ನು ಕೊಳ್ಳು" ಅಂತ ಹೇಳುತ್ತಿರಲಿಲ್ಲ, "ಮುಂದೆ ಏರುವುದನ್ನು ಕೊಳ್ಳು" ಅಂತ ಹೇಳುತ್ತಿತ್ತು. ಆ ನಿಯಮ ನನಗೂ ಇಷ್ಟ, ಏನು ಮಾಡುವುದು! ಅಮೆರಿಕದ ಬರ್ಕ್‌ಷೈರ್ ಹ್ಯಾಥವೇ ಕಂಪನಿಯ ಎ ದರ್ಜೆಯ ಷೇರು ಒಂದು ಸಲವೂ ಸ್ಪ್ಲಿಟ್ ಆಗಿಲ್ಲ, ಇವತ್ತು ಒಂದಕ್ಕೆ ಲಕ್ಷಗಟ್ಟಲೆ ಡಾಲರ್. ಅದು ನನ್ನ ಸೂತ್ರಕ್ಕೆ ಒಮ್ಮೆಯೂ ಸಿಕ್ಕಿರಲಿಲ್ಲ. ಅದನ್ನು ನೋಡಿಯಾದರೂ ನನಗೆ ಅನುಮಾನ ಬರಬೇಕಿತ್ತು, ಅಲ್ವಾ?

ಇದೇ ಜಾತಿಯ ಇನ್ನೊಂದು ತಪ್ಪನ್ನು ನಾನು ಆಮೇಲೂ ಮಾಡಿದ್ದೇನೆ. ಹಳೆಯ ವಾರ್ಷಿಕ ವರದಿಯಿಂದ ಷೇರಿಗೆ ಎಷ್ಟು ಲಾಭ ಅಂತ ಬರೆದುಕೊಂಡು, ಬೆಲೆಯನ್ನು ಮಾತ್ರ ಇವತ್ತಿನ ಚಾರ್ಟಿನಿಂದ ತೆಗೆದುಕೊಂಡು ಭಾಗಿಸಿದೆ. ಲಾಭದ ಮೂರು ಪಟ್ಟಿಗೇ ಷೇರು ಸಿಗುತ್ತಿತ್ತು ಅಂತ ಬಂತು. ಬೆಲೆಗೆ ಸ್ಪ್ಲಿಟ್ ಲೆಕ್ಕ ಹಾಕಿದ್ದಾರೆ, ಮುದ್ರಿಸಿದ ವರದಿಗೆ ಹಾಕಿಲ್ಲ. ಎರಡನ್ನೂ ಒಂದೇ ಅಳತೆಗೆ ತರದೆ ಮಾಡಿದ ಭಾಗಾಕಾರಕ್ಕೆ ಬೆಲೆಯಿಲ್ಲ.

ಇನ್ನೂ ಒಂದು ತೂತು ಆ ಶೀಟಿನಲ್ಲಿತ್ತು, ಅದನ್ನು ಗೆಳೆಯನೂ ಅಂದು ಹೇಳಲಿಲ್ಲ. ನಾನು ತೆಗೆದುಕೊಂಡದ್ದು ಇವತ್ತಿನ ದೊಡ್ಡ ಕಂಪನಿಗಳನ್ನು. ಸತ್ತುಹೋದವು ಆ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು? 2000ದ ಆಗಸ್ಟಿನಲ್ಲಿ 90 ಡಾಲರ್ ಹತ್ತಿರ ಇದ್ದ ಇಂಧನ ಕಂಪನಿ ಎನ್ರಾನ್ 2001ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. ಲೆಹ್ಮನ್ ಬ್ರದರ್ಸ್ ಅನ್ನುವ ಬ್ಯಾಂಕು 2008ರ ಸೆಪ್ಟೆಂಬರ್ 15ರಂದು. ಬದುಕಿದವರ ಜಾತಕ ಮಾತ್ರ ನೋಡಿ ಎಲ್ಲರಿಗೂ ದೀರ್ಘಾಯುಷ್ಯ ಅಂದ ಹಾಗಾಯಿತು. ಸತ್ತವು ಬಿಡಿ, ಬದುಕಿರುವಂತೆ ಕಾಣುವುದರಲ್ಲೂ ಮೋಸ ಇದೆ. ಜನರಲ್ ಮೋಟರ್ಸ್ ಹೆಸರು ಹಾಕಿ ಚಾರ್ಟ್ ತೆಗೆಯಿರಿ. ನೂರು ವರ್ಷ ದಾಟಿದ ಹೆಸರು, ಚಾರ್ಟ್ ಶುರುವಾಗುವುದು 2010ರ ನವೆಂಬರಿನಿಂದ. 2009ರಲ್ಲಿ ಹಳೆಯ ಕಂಪನಿ ದಿವಾಳಿಯಾಗಿ ಅದರ ಷೇರು ಇಟ್ಟುಕೊಂಡಿದ್ದವರ ದುಡ್ಡೆಲ್ಲ ಹೋಯಿತು. ಹೊಸ ಕಂಪನಿ ಅದೇ ಹೆಸರು, ಅದೇ ಕಾರು ಇಟ್ಟುಕೊಂಡು ಹೊಸ ಷೇರಿನೊಂದಿಗೆ ಬಂತು. ಚಾರ್ಟಿನಲ್ಲಿ ಆ ನಷ್ಟಕ್ಕೆ ಒಂದು ಗೆರೆಯೂ ಇಲ್ಲ. ಟೆಲಿಫೋನ್ ಕಂಪನಿ ಎಟಿ ಅಂಡ್ ಟಿಯದ್ದು ಇನ್ನೊಂದು ತಮಾಷೆ. ಈಗಿನ ಎಟಿ ಅಂಡ್ ಟಿ ಅಂದರೆ ಎಸ್‌ಬಿಸಿ ಅನ್ನುವ ಕಂಪನಿ. ಅದು 2005ರಲ್ಲಿ ಹಳೆಯ ಎಟಿ ಅಂಡ್ ಟಿಯನ್ನು ಕೊಂಡು ಅದರ ಹೆಸರನ್ನೇ ತಾನು ಇಟ್ಟುಕೊಂಡಿತು. ಹಾಗಾಗಿ ಚಾರ್ಟಿನಲ್ಲಿ ಕಾಣುವ ಹಳೆಯ ಬೆಲೆ ಕೊಂಡವನದ್ದು, ಕೊಳ್ಳಿಸಿಕೊಂಡವನದ್ದಲ್ಲ.

ಚಪ್ಪಟೆ ಗೆರೆ

ಸರಿ, ಬೆಲೆ ಎಲ್ಲ ಸರಿ ಮಾಡಿಕೊಂಡೆವು. ಆಮೇಲೆ ಅದರಿಂದ ಏನು ಮಾಡುವುದು? ಹೆಚ್ಚಿನವರು ಮಾಡುವುದು ಒಂದೇ, ಹೊಟ್ಟೆ ಉರಿಸಿಕೊಳ್ಳುವುದು. "ಆಗ ಅಮೆಜಾನ್ ಕೊಂಡಿದ್ದರೆ" ಅನ್ನುವ ಲೆಕ್ಕ. ನಾನೂ ಮಾಡಿದ್ದೇನೆ. ಆದರೆ ಆ ಚಾರ್ಟನ್ನೇ ಒಮ್ಮೆ ಹತ್ತಿರದಿಂದ ನೋಡಿ. 1999ರ ಡಿಸೆಂಬರಿನಲ್ಲಿ ಅಮೆಜಾನ್ ಸುಮಾರು 107 ಡಾಲರಿನಲ್ಲಿತ್ತು. 2001ರ ಸೆಪ್ಟೆಂಬರ್ ಕೊನೆಗೆ 6 ಡಾಲರಿಗಿಂತ ಕೆಳಗೆ ಬಂತು. ನೂರು ಹಾಕಿದವನ ಹತ್ತಿರ ಆರೂ ಉಳಿಯಲಿಲ್ಲ. ಮತ್ತೆ ಆ 107 ಕಾಣಲು 2009ರ ಕೊನೆಯವರೆಗೆ ಕಾಯಬೇಕಾಯಿತು. ಈಗ, 2022ರ ಒಂದಕ್ಕೆ ಇಪ್ಪತ್ತರ ಸ್ಪ್ಲಿಟ್ ಆದ ಮೇಲೆ, ಇದೆಲ್ಲ 5.33ರಿಂದ 0.30ಕ್ಕೆ ಇಳಿದಂತೆ ಬರೆದಿರುತ್ತದೆ. ಅದರ ಪಕ್ಕದಲ್ಲಿ ಇವತ್ತಿನ ಬೆಲೆ ಇಟ್ಟರೆ ಆ ಹತ್ತು ವರ್ಷ ನೆಲಕ್ಕೆ ಅಂಟಿದ ಚಪ್ಪಟೆ ಗೆರೆ. ಒಬ್ಬ ಮನುಷ್ಯನ ಉಳಿತಾಯ ಪೂರ್ತಿ ಕರಗಿದ ಜಾಗ ಅದು, ಕಣ್ಣಿಗೆ ಒಂದು ಉಬ್ಬು ಕೂಡ ಕಾಣುವುದಿಲ್ಲ.

ಅದಕ್ಕೇ ನಾನು ಹಳೆಯ ಚಾರ್ಟ್ ನೋಡುವಾಗ ಮೊದಲು ಒತ್ತುವುದು ಲಾಗ್ ಸ್ಕೇಲ್ ಅನ್ನುವ ಗುಂಡಿ. ಹೆಸರು ನೋಡಿ ಹೆದರಬೇಡಿ. ಅದರಲ್ಲಿ 10ರಿಂದ 20ಕ್ಕೆ ಎಷ್ಟು ಎತ್ತರವೋ 100ರಿಂದ 200ಕ್ಕೂ ಅಷ್ಟೇ ಎತ್ತರ, ಯಾಕೆಂದರೆ ಎರಡರಲ್ಲೂ ದುಡ್ಡು ಎರಡರಷ್ಟಾಗಿದೆ. ಆ ಗುಂಡಿ ಒತ್ತಿದ ತಕ್ಷಣ ಅಮೆಜಾನಿನ ಆ ಚಪ್ಪಟೆ ಜಾಗದಲ್ಲಿ ಒಂದು ಕಮರಿ ಬಾಯಿ ತೆರೆಯುತ್ತದೆ.

ಅದರ ಪಕ್ಕದಲ್ಲಿ ನೆಟ್‌ವರ್ಕ್ ಉಪಕರಣಗಳ ಕಂಪನಿ ಸಿಸ್ಕೋ ಇಟ್ಟು ನೋಡಿ. 2000ದ ಮಾರ್ಚಿನಲ್ಲಿ 80 ಡಾಲರ್, 2002ರಲ್ಲಿ 10ಕ್ಕಿಂತ ಕೆಳಗೆ. 2002ರಲ್ಲಿ ನಿಂತು ಈ ಎರಡು ಚಾರ್ಟ್ ನೋಡಿದವನಿಗೆ ಎರಡೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣಬೇಕು. ಒಂದು ಎಲ್ಲಿಗೋ ಹೋಯಿತು. ಇನ್ನೊಂದಕ್ಕೆ ಆ 80ನ್ನು ಮತ್ತೆ ಮುಟ್ಟಲು ಸುಮಾರು 25 ವರ್ಷ ಹಿಡಿಯಿತು, ಅದೂ ಆ ಮಧ್ಯೆ ಕಂಪನಿಯ ಮಾರಾಟ ಎರಡು ಪಟ್ಟಿಗೂ ಜಾಸ್ತಿ ಆಗಿದ್ದಾಗ. ಕಂಪನಿ ಕೆಟ್ಟಿರಲಿಲ್ಲ, 2000ದಲ್ಲಿ ಕೊಟ್ಟ ಬೆಲೆ ಕೆಟ್ಟಿತ್ತು. ಡಿವಿಡೆಂಡ್ ಸೇರಿಸಿದರೆ ಸ್ವಲ್ಪ ಬೇಗ ದಡ ಸೇರಬಹುದು, ಆದರೂ ಅದು ಒಬ್ಬನ ಅರ್ಧ ಆಯಸ್ಸು. ಹಾಗಾಗಿ ಹಳೆಯ ಬೆಲೆ ನೋಡಿ ಮುಂದಿನ ಬೆಲೆ ಹೇಳುವವರ ಮಾತು ಕೇಳಿದಾಗ ನಾನು ಸುಮ್ಮನೆ ತಲೆಯಾಡಿಸುತ್ತೇನೆ. ನನಗೆ ಅದು ಕೆಲಸಕ್ಕೆ ಬರುವುದು ಬೇರೆ ಪ್ರಶ್ನೆಗೆ. ಇದು ಹಿಂದೆ ಅತಿ ಜಾಸ್ತಿ ಬಿದ್ದಾಗ ಎಷ್ಟು ಬಿತ್ತು, ಏಳಲು ಎಷ್ಟು ವರ್ಷ ತೆಗೆದುಕೊಂಡಿತು, ಅಷ್ಟು ವರ್ಷ ನಾನಾಗಿದ್ದರೆ ಸುಮ್ಮನೆ ಕೂತಿರುತ್ತಿದ್ದೆನಾ? ಅರ್ಧ ಬಿದ್ದದ್ದು ಮೊದಲಿನ ಜಾಗಕ್ಕೆ ಬರಲು ಎರಡು ಪಟ್ಟಾಗಬೇಕು, ನೂರಕ್ಕೆ ತೊಂಬತ್ತು ಬಿದ್ದದ್ದು ಹತ್ತು ಪಟ್ಟಾಗಬೇಕು. ಈ ಲೆಕ್ಕ ಗೊತ್ತಿದ್ದರೂ ಎದೆಗೆ ಇಳಿಯುವುದು ಇಂಥ ಕಮರಿ ನೋಡಿದಾಗಲೇ.

ಹದಿನಾಲ್ಕು ತಿಂಗಳು

ಮಾವನ ನೋಟ್‌ಬುಕ್ಕಿನಲ್ಲಿ ಅಂಥದೇ ಒಂದು ಜಾಗ ಇತ್ತು. ಎಲ್ಲ ಪುಟ ನನ್ನ ಚಾರ್ಟಿಗೆ ಹೋಲಿಸುತ್ತಾ ಹೋದಾಗ, ನಾಲ್ಕರಿಂದ ಭಾಗಿಸಬೇಕಾದ ವರ್ಷಗಳ ನಡುವೆ, ಪುಟಗಳು ಖಾಲಿ ಸಿಕ್ಕವು. ತಾರೀಖು ಮಾತ್ರ ಬರೆದಿದ್ದಾರೆ, ಶನಿವಾರ, ಶನಿವಾರ, ಶನಿವಾರ, ಎದುರಿಗೆ ಏನೂ ಇಲ್ಲ. ಹೀಗೆ ಹದಿನಾಲ್ಕು ತಿಂಗಳು. ಚಾರ್ಟ್ ನೋಡಿದರೆ ಸರಿಯಾಗಿ ಅದೇ ಸಮಯದಲ್ಲಿ ಷೇರು ನೂರಕ್ಕೆ ಅರವತ್ತು ಬಿದ್ದಿದೆ. ನನಗೆ ಮೈ ಜುಮ್ ಅಂದಿತು. ಚಾರ್ಟಿನಲ್ಲಿ ಎಲ್ಲ ದಿನಕ್ಕೂ ಒಂದು ಬೆಲೆ ಇದೆ, ಅದಕ್ಕೆ ಭಯ ಅಂದರೆ ಗೊತ್ತಿಲ್ಲ. ಇಲ್ಲಿ ಒಬ್ಬ ಮನುಷ್ಯ ಪ್ರತಿ ವಾರ ತಾರೀಖು ಬರೆದು, ಬೆಲೆ ಬರೆಯಲು ಕೈ ಬಾರದೆ ಪೆನ್ಸಿಲ್ ಕೆಳಗಿಟ್ಟಿದ್ದಾನೆ. ಈ ಖಾಲಿ ಪುಟವೇ ನಿಜವಾದ ಇತಿಹಾಸ ಅಂತ ಎರಡು ಮೂರು ಜನರ ಹತ್ತಿರ ಹೇಳಿಕೊಂಡು ತಿರುಗಿದೆ. ಚೆನ್ನಾಗಿ ಹೇಳುತ್ತಿದ್ದೆ ಕೂಡ, ಕೊನೆಯಲ್ಲಿ ಒಂದು ನಿಟ್ಟುಸಿರು ಸೇರಿಸಿ.

ಹೋದ ತಿಂಗಳು ಮಾವನ ಮನೆಗೆ ಹೋದಾಗ ಮೆಲ್ಲಗೆ ಕೇಳಿದೆ. "ಮಾವ, ಈ ಪುಟಗಳಲ್ಲಿ ಯಾಕೆ ನೀವು ಏನೂ ಬರೀಲಿಲ್ಲ?"

ಅವರು ಪುಸ್ತಕ ದೂರ ಹಿಡಿದು ತಾರೀಖು ಓದಿದರು. "ಓ ಇದಾ. ಆಗ ಪೇಪರಿನವರು ಷೇರಿನ ಪುಟ ಅರ್ಧ ಮಾಡಿಬಿಟ್ಟಿದ್ರು ಕಣೋ. ದೊಡ್ಡ ದೊಡ್ಡ ಕಂಪನಿಗಳದ್ದು ಮಾತ್ರ ಹಾಕೋರು, ನಮ್ಮದು ಬರ್ತಿರ್ಲಿಲ್ಲ. ತಾರೀಖು ಮಾತ್ರ ಮೊದಲೇ ಬರೆದಿಟ್ಟಿದ್ದೆ."

"ಮತ್ತೆ ಅಷ್ಟು ಬಿದ್ದಾಗ ಭಯ ಆಗ್ಲಿಲ್ವಾ?"

"ಬಿದ್ದಿತ್ತಾ? ಎಷ್ಟು?"

ನಾನು ಮೊಬೈಲ್ ಅವರ ಕಡೆ ತಿರುಗಿಸಿದೆ. ಕನ್ನಡಕ ಸರಿ ಮಾಡಿಕೊಂಡು ಆ ಗೆರೆಯ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ನಿಧಾನಕ್ಕೆ ಎಳೆದರು. "ಅರವತ್ತು ಪರ್ಸೆಂಟಾ! ಇದು ನಾಲ್ಕರಿಂದ ಭಾಗಿಸಿದ ಮೇಲಾ, ಮುಂಚೆಯಾ?"

"ಪರ್ಸೆಂಟಿಗೆ ಎರಡೂ ಒಂದೇ ಮಾವ."

ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಮೇಜಿನ ಡ್ರಾಯರ್ ಎಳೆದು ಪೆನ್ಸಿಲ್ ಹುಡುಕಿದರು, ಮೊದಲ ಖಾಲಿ ಪುಟ ತೆರೆದು ಅಂಗೈಯಿಂದ ಒತ್ತಿ ಸಪಾಟು ಮಾಡಿದರು. "ಒಂದೊಂದೇ ಓದು. ಶುಕ್ರವಾರದ್ದು ನೋಡಿಕೋ. ನಾಲ್ಕರಿಂದ ಗುಣಿಸಿ ಹೇಳು, ಆಗ ಎಷ್ಟಿತ್ತೋ ಅಷ್ಟೇ ಬರೀಬೇಕು."